ಕೇರ್‌ಟೇಕರ್ ಸಮೇತ ಮಾರಾಟಕ್ಕಿದೆ



ಕಳೆದ ತಿಂಗಳು ನಮ್ಮ ಸಂಘದ ಸದಸ್ಯರೊಬ್ಬರು ಇಂಗ್ಲಿಷ್ ಪತ್ರಿಕೆಯ ಒಂದು ತುಂಡನ್ನು ತಂದು ನನ್ನ ಮೇಜಿನ ಮೇಲಿಟ್ಟು, "ಇದನ್ನು ಓದಿ ನೋಡಿ, ಇದರೊಳಗೆ ನಮ್ಮವರೊಬ್ಬರು ಇದ್ದಾರೆ" ಎಂದರು. ನಾನು ಏಳನೆಯ ತರಗತಿಯವರೆಗೆ ಮಾತ್ರ ಓದಿದವನು. ನನ್ನ ಇಂಗ್ಲಿಷು ಹೋಟೆಲಿನ ಮೆನು ಕಾರ್ಡಿನಲ್ಲಿ ಆರಂಭವಾಗಿ ಲೇಬರ್ ಆಫೀಸಿನ ಫಾರ್ಮುಗಳಲ್ಲಿ ಮುಗಿಯುತ್ತದೆ. ಆದರೂ ಅದರಲ್ಲಿ ಬರೆದಿದ್ದುದು ಅರ್ಥವಾಗದಷ್ಟು ಕಠಿಣವೇನೂ ಇರಲಿಲ್ಲ.

ಕರ್ಜತ್ ಸ್ಟೇಷನ್ನಿನಿಂದ ಇಪ್ಪತ್ತು ನಿಮಿಷದ ದಾರಿ. ಎರಡು ಎಕರೆ ಜಮೀನು, ಸುತ್ತ ಕಲ್ಲಿನ ಕಂಪೌಂಡು. ನಾಲ್ಕು ಮಲಗುವ ಕೋಣೆಗಳ ಬಂಗಲೆ, ಈಜುವ ಕೊಳ, ಬತ್ತದ ಬಾವಿ, ಒಂದು ಬೋರ್‌ವೆಲ್. ಅರವತ್ತೆರಡು ಮಾವಿನ ಮರ, ಮೂವತ್ತು ತೆಂಗು, ಚಿಕ್ಕು, ಹಲಸು. ಹಿಂದುಗಡೆ ಔಟ್‌ಹೌಸು. ಕಟ್ಟಕಡೆಯಲ್ಲಿ, "ಹಲವು ವರ್ಷದ ನಂಬಿಕಸ್ಥ ಕೇರ್‌ಟೇಕರ್ ದಂಪತಿ ಸಮೇತ". ಬೆಲೆ ಮೂರೂವರೆ ಕೋಟಿ ರೂಪಾಯಿ.

ಬಾವಿ, ಮರ, ಮನುಷ್ಯ, ಎಲ್ಲವೂ ಒಂದೇ ಪಟ್ಟಿಯಲ್ಲಿ. ಆ ಮನುಷ್ಯ ಯಾರೆಂದು ನನಗೆ ಆಗಲೇ ಗೊತ್ತಾಯಿತು. 2003ರಲ್ಲಿ ನಾನು ಹದಿನೈದು ವರ್ಷದವನಾಗಿ ಮುಂಬಯಿಗೆ ಬಂದು ಒಂದು ಹೋಟೆಲಿನ ಮೋರಿಯಲ್ಲಿ ಕಪ್ಪುಬಸಿ ತೊಳೆಯಲು ನಿಂತಾಗ, ಆ ಹೋಟೆಲಿನ ದೋಸೆಯ ಹಂಚಿನ ಮುಂದೆ ನಿಲ್ಲುತ್ತಿದ್ದವರು ಅವರೇ. ಕುಂದಾಪುರದ ಕಡೆಯವರು. ಮಧ್ಯಾಹ್ನ ಎರಡು ಗಂಟೆಗೆ ನಮಗೆ ಊಟ ಬರುವ ಮುಂಚೆ, ಧಣಿಗಳ ಕಣ್ಣು ತಪ್ಪಿಸಿ ಒಂದು ದೋಸೆಯನ್ನು ಮೋರಿಯ ಕಟ್ಟೆಯ ಮೇಲೆ ಇಟ್ಟು ಹೋಗುತ್ತಿದ್ದವರು. ನಾನು ಅವರನ್ನು ಅಣ್ಣ ಎಂದೇ ಕರೆದವನು. ಈ ಲೇಖನದಲ್ಲಿಯೂ ಅಣ್ಣ ಎಂದೇ ಬರೆಯುತ್ತೇನೆ, ಹೆಸರು ಬೇಡ.

ಮರುದಿನ ಸೋಮವಾರ. ಲೋಕಲ್ ಗಾಡಿ ಹಿಡಿದು ಹೊರಟೆ. ಕಲ್ಯಾಣ ದಾಟಿ ಬದಲಾಪುರ ಕಳೆದ ಮೇಲೆ ಗಾಡಿಯಲ್ಲಿ ಗಾಳಿಯೇ ಬೇರೆಯಾಗುತ್ತದೆ. ವಾಂಗಣಿ, ಶೇಲು, ನೇರಳ್. ಮಾಥೇರಾನಿನ ಗುಡ್ಡ ಕಣ್ಣಿಗೆ ತುಂಬಿಕೊಂಡು ಬರುತ್ತದೆ. ಹಸುರು ಗದ್ದೆಗಳ ನಡುವೆ ದೊಡ್ಡ ದೊಡ್ಡ ಬೋರ್ಡುಗಳು: ನಿಮ್ಮ ಎರಡನೆಯ ಮನೆ, ನಿಸರ್ಗದ ಮಡಿಲಲ್ಲಿ. ಗಾಡಿಯಲ್ಲಿ ನನ್ನ ಎದುರಿಗೆ ಕುಳಿತಿದ್ದ ನಾಲ್ವರಲ್ಲಿ ಮೊದಲನೆಯ ಮನೆ ಸ್ವಂತದ್ದಾಗಿ ಎಷ್ಟು ಜನರಿಗೆ ಇತ್ತೋ ಕಾಣೆ.

ಮುಂಬಯಿಯ ಧನಿಕರಿಗೆ ಊರಾಚೆಯ ತೋಟದ ಮನೆಯ ಆಸೆ ಇಂದು ನಿನ್ನೆಯದಲ್ಲ. 1896ರಲ್ಲಿ ಪ್ಲೇಗು ಬಂದು ಇಕ್ಕಟ್ಟಿನ ಓಣಿಗಳಲ್ಲಿ ಜನ ಸತ್ತ ಮೇಲೆ 1898ರಲ್ಲಿ ಸರಕಾರ ಇಂಪ್ರೂವ್‌ಮೆಂಟ್ ಟ್ರಸ್ಟ್ ಎಂಬುದನ್ನು ಹುಟ್ಟಿಸಿತು. ದಾದರ್, ಮಾಟುಂಗಾಗಳು ಆಗ ಊರ ಹೊರಗಿನ ಗಾಳಿಬೆಳಕಿನ ಜಾಗಗಳು. ಅಲ್ಲಿ ಅಗಲ ರಸ್ತೆ, ಮರ, ತೋಟ ಎಂದು ಯೋಜನೆ ಹಾಕಿದರು. ಇಂದು ನಮ್ಮವರ ಹೋಟೆಲುಗಳ ಮುಂದೆ ನೆರಳು ಕೊಡುವ ಮಾಟುಂಗಾದ ಮರಗಳಲ್ಲಿ ಎಷ್ಟೋ ಆ ಯೋಜನೆಯ ಫಲ. ಆಮೇಲೆ ಖಾರ್, ಜುಹೂ, ಚೆಂಬೂರು. ಊರು ಬೆಳೆದಂತೆಲ್ಲ ಹಸುರು ಮುಂದಕ್ಕೆ ಓಡಿತು, ಹಣವಿದ್ದವರು ಅದರ ಬೆನ್ನು ಹತ್ತಿದರು. ಈಗ ಅದು ಕರ್ಜತ್ತಿನಲ್ಲಿ ನಿಂತಿದೆ. ವಿ.ಟಿ.ಯಿಂದ ರೈಲು ದಾರಿಯಲ್ಲಿ ಸುಮಾರು 100 ಕಿಲೋಮೀಟರು.

ಮಧ್ಯೆ ಒಂದು ಕಾಯ್ದೆ ಬಂದು ಹೋದುದನ್ನು ಹಿರಿಯ ವಾಚಕರು ಬಲ್ಲರು. 1976ರ ನಗರ ಭೂ ಮಿತಿ ಕಾಯ್ದೆ ಮುಂಬಯಿಯಲ್ಲಿ ಒಬ್ಬನಿಗೆ 500 ಚದರ ಮೀಟರಿಗಿಂತ ಹೆಚ್ಚು ಖಾಲಿ ಜಾಗ ಇರಬಾರದು ಎಂದಿತು. ಅಂದರೆ ಹೆಚ್ಚು ಕಡಿಮೆ ಐದು ಗುಂಠೆ. ಮಹಾರಾಷ್ಟ್ರದಲ್ಲಿ ಅದನ್ನು 2007ರಲ್ಲಿ ಕೈಬಿಟ್ಟರು. ಅದು ಬಡವರಿಗೆ ಎಷ್ಟು ಮನೆ ಕೊಟ್ಟಿತು ಎಂದು ಕೇಳಿದರೆ ಬಹಳ ಹೆಮ್ಮೆಪಡುವ ಉತ್ತರ ಸಿಗಲಾರದು. ಆದರೆ ಒಂದು ಮಾತನ್ನಾದರೂ ಅದು ಕಾಗದದ ಮೇಲೆ ಒಪ್ಪಿಕೊಂಡಿತ್ತು: ನೆಲ ಎಲ್ಲರಿಗೂ ಬೇಕಾದ್ದು, ಒಬ್ಬನ ಪಾಲಿಗೆ ಒಂದು ಮಿತಿ ಬೇಕು. ಕರ್ಜತ್ತಿನ ಆ ಬಂಗಲೆಯ ಎರಡು ಎಕರೆ ಆ ಮಿತಿಯ ಹದಿನಾರು ಪಾಲು. ಚದರಡಿಯ ಲೆಕ್ಕಕ್ಕೆ ತಂದರೆ 87,120. ಝೋಪಡಿ ಪುನರ್ವಸತಿಯಲ್ಲಿ ಈಗ ಕೊಡುವ 300 ಚದರಡಿಯ ಮನೆಯ ಅಳತೆಯಲ್ಲಿ ನೋಡಿದರೆ, ನೆಲದ ಮೇಲೆಯೇ ಹರಡಿದರೂ 290 ಸಂಸಾರಗಳ ಜಾಗ.

ಇಷ್ಟು ಲೆಕ್ಕ ಹಾಕಿದೆನೆಂದು ನನ್ನನ್ನು ಮರಗಿಡಗಳ ವೈರಿ ಎಂದು ತಿಳಿಯಬೇಡಿ. ಕರ್ಜತ್ತಿನಲ್ಲಿ 290 ಖೋಲಿ ಕಟ್ಟಿ ಎಂದು ನಾನು ಹೇಳುತ್ತಿಲ್ಲ. ಒಬ್ಬ ಮನುಷ್ಯ ದುಡಿದು, ವಯಸ್ಸಾದ ಮೇಲೆ ನಾಲ್ಕು ಮಾವಿನ ಮರದ ಕೆಳಗೆ ಕುರ್ಚಿ ಹಾಕಿಕೊಂಡು ಕೂರಬೇಕೆಂದರೆ ಅದರಲ್ಲಿ ತಪ್ಪೇನು? ಸದರಿ ಬಂಗಲೆಯ ಧಣಿಗಳೂ ಒಂದು ಕಾಲದಲ್ಲಿ ಟೇಬಲ್ ಒರೆಸಿದವರೇ. ಅವರು ನಮ್ಮವರೇ, ಕನ್ನಡಿಗರೇ. ಹಾಗಾಗಿಯೇ ಈ ಲೇಖನವನ್ನು ನಮ್ಮ ಪತ್ರಿಕೆಯಲ್ಲಿ ಬರೆಯಬೇಕಾಗಿ ಬಂದಿದೆ.

ಅಣ್ಣ ಗೇಟಿನ ಹತ್ತಿರ ನಿಂತಿದ್ದರು. ಮೈ ಇಳಿದಿದೆ, ಮುಖದಲ್ಲಿ ಮಾತ್ರ ಹೋಟೆಲಿನಲ್ಲಿದ್ದಾಗಿನ ಬಿಳಿಚು ಹೋಗಿ ಬಿಸಿಲಿನ ಬಣ್ಣ ಬಂದಿದೆ. "ಹ್ವಾಯ್, ನಮ್ಮನಿಗೂ ನೆಂಟ್ರ್ ಬಂದ್ರ್!" ಎಂದು ಒಳಗಿದ್ದ ಅಕ್ಕನನ್ನು ಕೂಗಿದರು. ನಮ್ಮನೆ ಎಂದರೆ ಔಟ್‌ಹೌಸು. ಪಂಪಿನ ಕೋಣೆಗೆ ತಾಗಿಸಿ ಕಟ್ಟಿದ ಒಂದು ಕೋಣೆ, ಮೇಲೆ ಸಿಮೆಂಟ್ ಶೀಟು. ಉದ್ದ ಹತ್ತಡಿ, ಅಗಲ ಒಂಬತ್ತಡಿ ಇರಬಹುದು. ಆದರೆ ಒಳಗೆ ಕಾಲಿಟ್ಟಾಗ ನನಗೆ ಗಂಟಲು ಕಟ್ಟಿತು, ಅದು ಕೋಣೆ ಚಿಕ್ಕದೆಂದಲ್ಲ. ಗೋಡೆಗೆ ಕ್ಯಾಲೆಂಡರು, ಮೂಲೆಯಲ್ಲಿ ದೇವರ ಪಟ, ಒಲೆಯ ಪಕ್ಕದಲ್ಲಿ ಸಾಲಾಗಿ ಡಬ್ಬಿಗಳು. ಅದೊಂದು ಸಂಸಾರದ ಮನೆಯಾಗಿತ್ತು.

ಹೋಟೆಲಿನ ಬದುಕನ್ನು ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಣ್ಣ 1998ರಲ್ಲಿ ಮುಂಬಯಿಗೆ ಬಂದಾಗ ಮೂವತ್ತರ ಹರೆಯ, ಮದುವೆಯಾಗಿ ನಾಲ್ಕು ವರ್ಷ. ಹತ್ತೊಂಬತ್ತು ವರ್ಷ ಹೋಟೆಲಿನ ಅಟ್ಟದ ಮೇಲೆ, ಅಟ್ಟ ತುಂಬಿದಾಗ ಟೇಬಲುಗಳನ್ನು ಜೋಡಿಸಿ ಅದರ ಮೇಲೆ ಮಲಗಿದರು. ವರ್ಷಕ್ಕೊಮ್ಮೆ ಒಂದು ತಿಂಗಳು ಊರು. ಅದೂ ಕೆಲವು ವರ್ಷ ತಪ್ಪಿತು. ಹತ್ತೊಂಬತ್ತು ವರ್ಷದಲ್ಲಿ ಗಂಡ ಹೆಂಡತಿ ಒಂದೇ ಸೂರಿನಡಿ ಕಳೆದ ದಿನಗಳನ್ನು ಕೂಡಿಸಿದರೆ ಎರಡು ವರ್ಷ ತುಂಬುವುದಿಲ್ಲ. 2017ರಲ್ಲಿ ಧಣಿಗಳು ಕರೆದು, "ನಿನಗೂ ಇನ್ನು ಬೆಂಕಿಯ ಮುಂದೆ ನಿಲ್ಲಲಿಕ್ಕೆ ಆಗುವುದಿಲ್ಲ. ಕರ್ಜತ್ತಿನ ಬಂಗಲೆ ನೋಡಿಕೊಂಡು ಆರಾಮ ಇರು, ಹೆಂಡತಿಯನ್ನೂ ಕರೆಸಿಕೋ" ಎಂದಾಗ ಅಣ್ಣನಿಗೆ ದೇವರೇ ಬಂದು ಹೇಳಿದಂತಾಯಿತಂತೆ. ಯಾಕಾಗಬಾರದು? ಹೆಂಡತಿ ಮಾಡಿದ ಅನ್ನವನ್ನು ಬಿಸಿಯಾಗಿ ಉಣ್ಣುವ ಭಾಗ್ಯ ಅವರಿಗೆ ಐವತ್ತರ ಹತ್ತಿರ ಬಂತು. ಇಂಥ ಮನುಷ್ಯನ ಹತ್ತಿರ ಹೋಗಿ, "ಅಣ್ಣ, ನಿಮಗೆ ಮೋಸವಾಗಿದೆ" ಎಂದು ಹೇಳಲು ನನ್ನ ನಾಲಿಗೆ ಎಷ್ಟು ಹೊತ್ತು ಏಳಲಿಲ್ಲ ಎಂಬುದು ನನಗೆ ಗೊತ್ತು.

ಆರಾಮ ಎಂದರೆ ಏನೆಂಬುದನ್ನೂ ನೋಡಿದೆ. ಬೆಳಿಗ್ಗೆ ಐದೂವರೆಗೆ ಪಂಪು ಹಾಕುವುದು. ಕೊಳದ ಮೇಲಿನ ಎಲೆ ತೆಗೆದು ಔಷಧಿ ಬಿಡುವುದು. ಮಳೆಗಾಲ ಮುಗಿದೊಡನೆ ಸೊಂಟದುದ್ದ ಬೆಳೆದ ಹುಲ್ಲು ಕೊಯ್ಯುವುದು. ಆ ಹುಲ್ಲಿನಲ್ಲಿ ಹಾವು ಇರುತ್ತದೆ, ಅಣ್ಣನಿಗೆ ಮೊಣಕಾಲಿನವರೆಗಿನ ಬೂಟು ಈವರೆಗೆ ಸಿಕ್ಕಿಲ್ಲ. ಬೇಸಿಗೆಯಲ್ಲಿ, ಜಾಹೀರಾತಿನ ಆ "ಬತ್ತದ ಬಾವಿ" ಬತ್ತುತ್ತದೆ. ಆಗ ಟ್ಯಾಂಕರಿಗೆ ಫೋನು ಮಾಡಿ ಕಾಯಬೇಕು. ಹತ್ತಿರದ ಕಾತಕರಿ ವಾಡಿಯ ಹೆಂಗಸರು ಖಾಲಿ ಕೊಡ ಹಿಡಿದು ಅದೇ ಗೇಟಿನ ಮುಂದೆ ಹಾದುಹೋಗುತ್ತಾರೆ, ಅಕ್ಕ ಒಬ್ಬಿಬ್ಬರಿಗೆ ಗುಟ್ಟಾಗಿ ಹಿಂದಿನ ನಲ್ಲಿಯಿಂದ ತುಂಬಿಸಿ ಕೊಡುತ್ತಾರೆ. ಶನಿವಾರ ಭಾನುವಾರ ಧಣಿಗಳ ಮಕ್ಕಳು, ಅವರ ಸ್ನೇಹಿತರು, ಕೆಲವೊಮ್ಮೆ ಬಾಡಿಗೆಗೆ ಬಂದವರು. ಹದಿನೈದು ಇಪ್ಪತ್ತು ಜನರಿಗೆ ಎರಡು ದಿನ ಅಡಿಗೆ, ಪಾತ್ರೆ, ಹಾಸಿಗೆ ಬಟ್ಟೆ ಒಗೆಯುವುದು ಎಲ್ಲವೂ ಅಕ್ಕನದು. ಅಕ್ಕನಿಗೆ ಪಗಾರ ಇಲ್ಲ. ಪಗಾರ ಅಣ್ಣನಿಗೆ ಮಾತ್ರ, ತಿಂಗಳಿಗೆ ಹನ್ನೆರಡು ಸಾವಿರ. ಎರಡು ಆಳಿನ ದುಡಿಮೆಗೆ ಒಂದು ಪಗಾರ. ವಾರದ ರಜೆ ಎಂಬ ಮಾತು ಆ ಗೇಟಿನೊಳಗೆ ಯಾರ ಬಾಯಲ್ಲೂ ಹುಟ್ಟಿಲ್ಲ.

ಪಗಾರ ಹೇಗೆ ಬರುತ್ತದೆ ಎಂದು ಕೇಳಿದೆ. ಫೋನಿನಲ್ಲಿ ತೋರಿಸಿದರು. ಪ್ರತಿ ತಿಂಗಳು ಏಳನೆಯ ತಾರೀಕು, ಹೋಟೆಲಿನ ಖಾತೆಯಿಂದ. ಎಂಟು ವರ್ಷವೂ ಹಾಗೆಯೇ.

ಇಲ್ಲಿ ವಾಚಕರು ಸ್ವಲ್ಪ ನಿಂತು ಯೋಚಿಸಬೇಕು. ಹಣ ಬರುವುದು ಹೋಟೆಲಿನಿಂದ. ಹಾಗಾದರೆ ಅಣ್ಣ ಹೋಟೆಲಿನ ಕೆಲಸಗಾರರೇ? ಹಾಜರಿ ಪುಸ್ತಕದಲ್ಲಿ 2017ರ ನಂತರ ಅವರ ಹೆಸರಿಲ್ಲ. ರಾಜೀನಾಮೆ ಕೊಟ್ಟಿದ್ದಾರೆಯೇ? "ಒಂದ್ ಕಾಗ್ದಕ್ಕೆ ಸಹಿ ಹಾಕಿದ್ ನೆನ್ಪಿತ್" ಎನ್ನುತ್ತಾರೆ. ಬಂಗಲೆಯ ಕೆಲಸಕ್ಕೆ ನೇಮಕದ ಪತ್ರ ಉಂಟೇ? ಇಲ್ಲ. ಖರ್ಚನ್ನು ಯಾವ ತಲೆಯಡಿ ಬರೆದಿದ್ದಾರೋ ಆ ಹೋಟೆಲಿನ ಲೆಕ್ಕಿಗನೇ ಬಲ್ಲ. ದುಡಿಸಿಕೊಳ್ಳುವಾಗ ಅಣ್ಣ ಹೋಟೆಲಿನವರು, ಹಕ್ಕು ಕೇಳುವಾಗ ಬಂಗಲೆಯವರು. ಬಂಗಲೆಯನ್ನು ಮಾರಿದರೆ ಎಲ್ಲಿಯವರೂ ಅಲ್ಲ.

ನಾನು ಮುಂಬಯಿಗೆ ಮರಳಿ ಅವರ ಪಿ.ಎಫ್. ನಂಬರನ್ನು ಹುಡುಕಿಸಿದೆ. ಹೋಟೆಲು ಹಣ ಕಟ್ಟಿದ್ದು ಆರು ವರ್ಷ, 2011ರಿಂದ 2017ರವರೆಗೆ. ಅದಕ್ಕೂ ಮುಂಚಿನ ಹದಿಮೂರು ವರ್ಷ ಅಣ್ಣ ಕಾಗದದ ಮೇಲೆ ಹುಟ್ಟಿಯೇ ಇರಲಿಲ್ಲ. ಪಿ.ಎಫ್.ನ ಪಿಂಚಣಿಗೆ ಹತ್ತು ವರ್ಷದ ಸೇವೆ ಬೇಕು, ಐವತ್ತೆಂಟು ತುಂಬಬೇಕು. ಅಣ್ಣನಿಗೀಗ ಐವತ್ತೇಳು. ಬಂಗಲೆಯ ಎಂಟು ವರ್ಷವನ್ನೂ ಹೋಟೆಲಿನ ಲೆಕ್ಕದಲ್ಲಿಯೇ ಮುಂದುವರಿಸಿದ್ದರೆ ಹದಿನಾಲ್ಕು ಆಗುತ್ತಿತ್ತು, ಬರುವ ವರ್ಷದಿಂದ ತಿಂಗಳು ತಿಂಗಳು ಪಿಂಚಣಿ ಕೈಗೆ ಬರುತ್ತಿತ್ತು. ಈಗ ಆರು ವರ್ಷಕ್ಕೆ ಪಿಂಚಣಿ ಇಲ್ಲ, ಜಮೆಯಾದ ಸಣ್ಣ ಗಂಟನ್ನು ಹಿಂತೆಗೆಯಬಹುದು ಅಷ್ಟೆ. "ಆರಾಮ ಇರು" ಎಂಬ ಎರಡು ಮಾತಿಗೆ ಅಣ್ಣ ತೆತ್ತ ಬೆಲೆ ಇದು.

ಇನ್ನು ಗ್ರಾಚ್ಯುಯಿಟಿ. ಹತ್ತು ಜನಕ್ಕಿಂತ ಕಡಿಮೆಯಿಲ್ಲದ ಹೋಟೆಲಿನಲ್ಲಿ ಐದು ವರ್ಷ ಬಿಡದೆ ದುಡಿದವನಿಗೆ, ಬಿಟ್ಟುಹೋಗುವಾಗ ವರ್ಷಕ್ಕೆ ಹದಿನೈದು ದಿನದ ಸಂಬಳ ಕೊಡಬೇಕೆಂದು 1972ರ ಕಾಯ್ದೆ ಹೇಳಿತು. 2025ರ ನವೆಂಬರ್ 21ರಿಂದ ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದರೂ ಈ ಹತ್ತು ಜನರ ಲೆಕ್ಕ ಹಾಗೆಯೇ ಉಳಿದಿದೆ. ಅಣ್ಣ ಹೋಟೆಲು ಬಿಟ್ಟಾಗ ಮೂಲ ಪಗಾರ ಒಂಬತ್ತು ಸಾವಿರ. ಹದಿನೈದರಿಂದ ಗುಣಿಸಿ ಇಪ್ಪತ್ತಾರರಿಂದ ಭಾಗಿಸಿ ಹತ್ತೊಂಬತ್ತು ವರ್ಷಕ್ಕೆ ಹಾಕಿದರೆ 98,653 ರೂಪಾಯಿ. ಹೋಟೆಲಿನ ಸೇವೆ ಮುರಿದೇ ಇಲ್ಲ ಎಂದು ನಾವು ವಾದಿಸಿ ಗೆದ್ದರೆ ಹನ್ನೆರಡು ಸಾವಿರದ ಮೇಲೆ ಇಪ್ಪತ್ತೇಳು ವರ್ಷಕ್ಕೆ 1,86,923. ಮೂರೂವರೆ ಕೋಟಿಯ ಬಂಗಲೆಯಲ್ಲಿ ಇದು ನೂರು ರೂಪಾಯಿಗೆ ಐವತ್ತಮೂರು ಪೈಸೆ. ಎರಡು ಸಲ ಗಿರಾಕಿಯನ್ನು ಕರೆತಂದು ಗೇಟು ತೆಗೆಸಿದ ದಲ್ಲಾಲಿಗೆ ನೂರಕ್ಕೆ ಎರಡರಂತೆ ಏಳು ಲಕ್ಷ ಹೋಗುತ್ತದೆ. ಗೇಟು ತೆಗೆದವರು ಅಣ್ಣ.

ಧಣಿಗಳು ಉಪಕಾರ ಮಾಡಿಲ್ಲವೇ ಎಂದು ಯಾರಾದರೂ ಕೇಳಬಹುದು. ಮಾಡಿದ್ದಾರೆ. ಮಗಳ ಮದುವೆಗೆ ಎಂಬತ್ತು ಸಾವಿರ ಕೊಟ್ಟರು. ಆ ಎಂಬತ್ತು ಸಾವಿರವನ್ನು ಕೈಗಡದ ಪುಸ್ತಕದಲ್ಲಿ ತಾರೀಕು ಸಮೇತ ಬರೆದು, ಸಹಿ ತೆಗೆದುಕೊಂಡು, ಮೂರು ವರ್ಷದಲ್ಲಿ ಪಗಾರದಿಂದ ಮುರಿದುಕೊಂಡದ್ದೂ ಆಯಿತು. ಸಾಲಕ್ಕೆ ಕಾಗದ ಉಂಟು, ಸೇವೆಗೆ ಕಾಗದ ಇಲ್ಲ. ನಾನು ಹತ್ತಾರು ಹೋಟೆಲುಗಳಲ್ಲಿ ಕಂಡದ್ದು ಇದನ್ನೇ.

ಖಾಸಗಿ ಮನೆಯಲ್ಲಿ ದುಡಿಯುವವನ ಸ್ಥಿತಿ ಹೋಟೆಲಿನವನಿಗಿಂತಲೂ ತೆಳ್ಳಗಿನದು. ಹೋಟೆಲಿನಲ್ಲಿ ಹತ್ತು ಜನ ಇರುತ್ತೇವೆ. ಒಬ್ಬನಿಗೆ ಅನ್ಯಾಯವಾದರೆ ಒಂಬತ್ತು ಜನ ಸಾಕ್ಷಿ. ಬಂಗಲೆಯಲ್ಲಿ ಸಾಕ್ಷಿ ಹೇಳಲು ಮಾವಿನ ಮರಗಳು ಮಾತ್ರ. ಮಹಾರಾಷ್ಟ್ರದಲ್ಲಿ 2008ರಲ್ಲಿ ಮನೆಗೆಲಸದವರ ಕಲ್ಯಾಣ ಮಂಡಳಿಯ ಕಾಯ್ದೆ ಆಯಿತು, ಅದು ನೋಂದಾಯಿಸಿಕೊಂಡವರಿಗೆ ಸಹಾಯಧನ ಕೊಡುವ ಮಂಡಳಿ. ನಮ್ಮ ಕರ್ನಾಟಕ ಸರಕಾರ 2004ರಲ್ಲಿಯೇ ಮನೆಗೆಲಸದವರಿಗೆ ಕನಿಷ್ಠ ವೇತನ ಗೊತ್ತುಮಾಡಿತ್ತು, ಅದೊಂದು ಒಳ್ಳೆಯ ಕೆಲಸ. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2011ರಲ್ಲಿ ಮನೆಗೆಲಸದವರಿಗಾಗಿ 189ನೆಯ ಒಪ್ಪಂದವನ್ನು ಅಂಗೀಕರಿಸಿದಾಗ ನಮ್ಮ ದೇಶ ಕೈ ಎತ್ತಿ ಮತ ಹಾಕಿತು, ಆದರೆ ಊರಿಗೆ ಬಂದು ಅದಕ್ಕೆ ಸಹಿ ಹಾಕಲಿಲ್ಲ. 2025ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಇವರಿಗೆ ಪ್ರತ್ಯೇಕ ಕಾಯ್ದೆಯ ಬಗ್ಗೆ ಸಮಿತಿ ಮಾಡಿ ಯೋಚಿಸಿ ಎಂದು ಕೇಂದ್ರಕ್ಕೆ ಹೇಳಿದೆ.

ಇದರ ನಡುವೆ ನನಗೆ ಒಂದು ವಿಚಿತ್ರ ಕಂಡಿತು. ಆ ಎರಡು ಎಕರೆ ಸಾತ್‌ಬಾರಾ ಉತಾರೆಯಲ್ಲಿ, ಅಂದರೆ ನಮ್ಮ ಊರಿನ ಪಹಣಿಯಂಥ ಕಾಗದದಲ್ಲಿ, ಈಗಲೂ ಕೃಷಿ ಜಮೀನೇ. ಬಂಗಲೆ ಅಲ್ಲಿ "ಫಾರ್ಮ್ ಹೌಸ್". ಇದು ಯಾವ ಬಗೆಯ ಕೃಷಿ ಎಂದು ಈಜುಕೊಳವನ್ನು ಕೇಳಬೇಕು. 1966ರ ಮಹಾರಾಷ್ಟ್ರ ಭೂಕಂದಾಯ ಸಂಹಿತೆಯಲ್ಲಿ ಫಾರ್ಮಿನ ಕಟ್ಟಡ ಎಂದರೆ ಏನೆಂದು ಬರೆದಿದೆ. ಉಪಕರಣ, ಗೊಬ್ಬರ, ಮೇವು ಇಡುವ ಜಾಗ, ಬೆಳೆ ಇಡುವ ಜಾಗ, ದನ ಕಟ್ಟುವ ಜಾಗ. ಆಮೇಲೆ ಜಮೀನುದಾರನ ಕುಟುಂಬದವರು, ಆಳುಗಳು ಅಥವಾ ಗೇಣಿದಾರರು ವಾಸಿಸುವ ಜಾಗ. ಒಬ್ಬ ವಕೀಲ ಮಿತ್ರರು ಇದನ್ನು ಓದಿ ಅರ್ಥ ಹೇಳಿದಾಗ ನಾನು ಎರಡನೆಯ ಸಲ ಓದಿಸಿದೆ. ಆಳುಗಳು ಎಂಬ ಮಾತು ಕಾಯ್ದೆಯಲ್ಲಿಯೇ ಉಂಟು! ದನ ಇಲ್ಲ, ಮೇವಿಲ್ಲ, ಮಾರಿದ ಬೆಳೆಯ ಚೀಟಿಯಿಲ್ಲ. ಆ ಎರಡು ಎಕರೆಯಲ್ಲಿ ಮಣ್ಣು ಮುಟ್ಟುವವರು ಇಬ್ಬರೇ, ಅಣ್ಣ ಮತ್ತು ಅಕ್ಕ. ಫಾರ್ಮ್ ಎಂಬ ಹೆಸರನ್ನು ಉಳಿಸಿಕೊಟ್ಟವರ ಹೆಸರೇ ಯಾವ ಪುಸ್ತಕದಲ್ಲಿಯೂ ಇಲ್ಲ.

ನಮ್ಮ ಯುವಕ ಬಂಧುಗಳಿಗೂ ಇಲ್ಲಿ ಒಂದು ಮಾತು ಹೇಳಿಬಿಡುತ್ತೇನೆ. ಹೋಟೆಲಿನ ಬಾಗಿಲಲ್ಲಿ ಬಣ್ಣದ ಕಾಗದ ಹಂಚಿ, "ಕರ್ಜತ್ತಿನಲ್ಲಿ, ಮುರಬಾಡಿನಲ್ಲಿ ಎರಡು ಗುಂಠೆ ಫಾರ್ಮ್ ಪ್ಲಾಟು, ತಿಂಗಳಿಗೆ ಇಷ್ಟು ಕಂತು" ಎಂದು ಹೇಳುವವರು ಬರುತ್ತಿದ್ದಾರೆ. ಕೃಷಿಕನಲ್ಲದವನು ಕಲೆಕ್ಟರರ ಪರವಾನಗಿ ಇಲ್ಲದೆ ಕೃಷಿ ಜಮೀನು ಕೊಳ್ಳಕೂಡದೆಂದು 1948ರ ಗೇಣಿ ಕಾಯ್ದೆಯಲ್ಲಿ ಉಂಟು. ತುಂಡು ಜಮೀನು ಮಾಡಿ ಮಾರುವುದಕ್ಕೆ 1947ರ ಕಾಯ್ದೆಯ ಅಡ್ಡಿ ಉಂಟು. ಈ ತುಂಡು ಕಾಯ್ದೆಯನ್ನು ಸರಕಾರ ಆಗಾಗ ಸಡಿಲಿಸಿದ್ದೂ ಉಂಟು, ಆದುದರಿಂದ ಯಾವ ಜಾಗಕ್ಕೆ ಏನು ಅನ್ವಯ ಎಂಬುದನ್ನು ತಿಳಿದವರ ಹತ್ತಿರ ಕೇಳದೆ ಒಂದು ರೂಪಾಯಿಯನ್ನೂ ಕೊಡಬೇಡಿ. ಸಾತ್‌ಬಾರಾದಲ್ಲಿ ಸ್ವಂತ ಹೆಸರು ಬಾರದೆ, ಹತ್ತು ಜನರ ಜತೆಗೆ ಕೂಡುಹೆಸರಿನಲ್ಲಿ ಸಿಕ್ಕಿಬಿದ್ದವರು ನಮ್ಮ ಸಂಘಕ್ಕೆ ಬಂದಿದ್ದಾರೆ. ಅವರ ಕಥೆ ಇನ್ನೊಮ್ಮೆ.

ಅಣ್ಣನ ವಿಷಯಕ್ಕೆ ಬರುತ್ತೇನೆ. ಬಂಗಲೆ ಮಾರಿದರೆ ಎಲ್ಲಿಗೆ ಹೋಗುತ್ತೀರಿ ಎಂದೆ. "ಊರಿಗೆ" ಎಂದರು, ಆದರೆ ಮಾತಿನಲ್ಲಿ ಜೀವ ಇರಲಿಲ್ಲ. ಊರಿನಲ್ಲಿ ಅವರ ತಂದೆಗೆ ಅರುವತ್ತು ಸೆಂಟ್ಸ್ ಭೂಮಿ ಬಂದದ್ದು 1974ರ ಭೂಸುಧಾರಣೆಯಲ್ಲಿ, ಡಿಕ್ಲರೇಶನ್ ಕೊಟ್ಟು. ಗೇಣಿಗೆ ಉಳುತ್ತಿದ್ದವರು ಒಡೆಯರಾದರು. ಅದಕ್ಕಾಗಿ ಆ ಕಾಲದಲ್ಲಿ ಭೂಮಿ ಕಳೆದುಕೊಂಡವರ ಮನೆಯ ಮಕ್ಕಳೂ, ಪಡೆದವರ ಮನೆಯ ಮಕ್ಕಳೂ ಒಂದೇ ಬಸ್ಸಿನಲ್ಲಿ ಮುಂಬಯಿಗೆ ಬಂದು ಒಂದೇ ಹೋಟೆಲಿನಲ್ಲಿ ಒಬ್ಬರು ಗಲ್ಲಾದ ಮೇಲೆ, ಒಬ್ಬರು ಮೋರಿಯ ಬಳಿ ನಿಂತದ್ದು ನಮ್ಮ ಕರಾವಳಿಯ ಕಥೆ. ಆ ಅರುವತ್ತು ಸೆಂಟ್ಸ್ ಈಗ ನಾಲ್ಕು ಅಣ್ಣತಮ್ಮಂದಿರ ಪಾಲು, ತಲೆಗೆ ಹದಿನೈದು. ಕರ್ನಾಟಕದಲ್ಲಿ ಕೃಷಿಕರಲ್ಲದವರು ಕೃಷಿ ಜಮೀನು ಕೊಳ್ಳಬಾರದೆಂದಿದ್ದ 79-ಎ, 79-ಬಿ ಕಲಮುಗಳನ್ನು 2020ರಲ್ಲಿ ತೆಗೆದುಹಾಕಿದರು. ಅಲ್ಲಿಂದೀಚೆ ಊರಿನಲ್ಲಿಯೂ ದಲ್ಲಾಲಿ ತಿರುಗುತ್ತಿದ್ದಾನೆ. ಹೊಳೆಯ ದಂಡೆ, ತೆಂಗಿನ ತೋಟ, ಹೋಂ ಸ್ಟೇ ಮಾಡಲಿಕ್ಕೆ ಒಳ್ಳೆಯ ಜಾಗ ಎನ್ನುತ್ತಾನಂತೆ. ತಮ್ಮಂದಿರು ಕೊಡೋಣ ಎನ್ನುತ್ತಿದ್ದಾರೆ. ಕೊಂಡವರು ಅಲ್ಲಿಯೂ ಒಬ್ಬ ನಂಬಿಕಸ್ಥ ಕೇರ್‌ಟೇಕರನನ್ನು ಹುಡುಕುವರು. ತಂದೆಯ ಗದ್ದೆಯನ್ನೇ ಕಾಯುವ ಆಳಾಗಿ ಅಣ್ಣ ಅಲ್ಲಿ ಸೇರಿಕೊಳ್ಳಬಹುದೋ ಏನೋ! ನಾನು ಹೀಗೆ ಅಂದಾಗ ಅವರು ನಗಲಿಲ್ಲ. ಅನ್ನಬಾರದಿತ್ತು.

ಇನ್ನೊಂದು ಸಂಗತಿ. ಬಂಗಲೆ ಕೊಳ್ಳಲು ಮುಂದೆ ಬಂದಿರುವವರಿಗೆ ಅಣ್ಣ ಬೇಕಾಗಿಲ್ಲ. ಅವರು ಸೆಕ್ಯುರಿಟಿ ಕಂಪೆನಿಯ ಇಬ್ಬರನ್ನು ಇಡುವರಂತೆ, ಔಟ್‌ಹೌಸನ್ನು ಕೆಡವಿ ಜನರೇಟರ್ ಇಡುವರಂತೆ. ಜಾಹೀರಾತಿನ "ಸಮೇತ" ಗಿರಾಕಿಗೆ ಬೇಕೆನಿಸಿದರೆ ಮಾತ್ರ.

ಆದುದರಿಂದ ನಮ್ಮ ಕನ್ನಡ ಮಾಲಿಕರಲ್ಲಿ ನನ್ನ ವಿನಂತಿ, ವಿನಂತಿ ಎಂದೇ ತಿಳಿಯಿರಿ. ನೀವು ತೋಟ ಮಾಡಿ, ಬಂಗಲೆ ಕಟ್ಟಿ, ನಮಗೆ ಹೊಟ್ಟೆಯುರಿ ಇಲ್ಲ. ಆದರೆ ಹೋಟೆಲಿನ ಹಳೆಯ ಆಳನ್ನು ಅಲ್ಲಿಗೆ ಕಳಿಸುವಾಗ ಹೋಟೆಲಿನ ಹಾಜರಿಯಿಂದ ಅವನ ಹೆಸರು ಹೊಡೆಯಬೇಡಿ. ಕಳಿಸಿದ್ದಕ್ಕೆ ಒಂದು ಪತ್ರ ಕೊಡಿ. ಹೊಡೆಯಲೇಬೇಕೆಂದಿದ್ದರೆ ಅದೇ ದಿನ ಗ್ರಾಚ್ಯುಯಿಟಿಯ ಲೆಕ್ಕ ತೀರಿಸಿ. ಹೆಂಡತಿ ದುಡಿದರೆ ಹೆಂಡತಿಗೆ ಬೇರೆ ಪಗಾರ, ಅವಳ ಹೆಸರಿನ ಖಾತೆಗೆ. ಮಾರುವ ಯೋಚನೆ ಬಂದಾಗ ದಲ್ಲಾಲಿಗೆ ಹೇಳುವ ಮುಂಚೆ ಕಾಯುವವನಿಗೆ ಹೇಳಿ, ಮೂರು ತಿಂಗಳ ಕಾಲಾವಕಾಶ ಕೊಡಿ. ಇದರಲ್ಲಿ ಯಾವುದು ನಿಮ್ಮ ಕೈಯಲ್ಲಿ ಆಗದ್ದು?

ನಮ್ಮ ಕಾರ್ಮಿಕ ಬಂಧುಗಳಲ್ಲಿಯೂ ಒಂದು ಮಾತು. ಧಣಿಗಳು ಬಂಗಲೆ ನೋಡಿಕೊಳ್ಳಲು ಹೇಳಿದರೆ ಹೋಗಬೇಡಿ ಎಂದು ನಾನು ಹೇಳಲಾರೆ. ಹೆಂಡತಿಯ ಜತೆ ಒಂದು ಸೂರಿನಡಿ ಇರುವ ಆಸೆಯನ್ನು ಬಿಡಿ ಎಂದು ಹೇಳುವ ಅಧಿಕಾರ ಯಾವ ಸಂಘಕ್ಕೂ ಇಲ್ಲ. ಹೋಗುವ ದಿನ ಯಾವ ಕಾಗದಕ್ಕೂ ಓದಿಸದೆ ಸಹಿ ಹಾಕಬೇಡಿ ಎಂದಷ್ಟೇ ನನ್ನ ಬೇಡಿಕೆ.

ಅಣ್ಣ ಮೊದಲು ಒಪ್ಪಲಿಲ್ಲ. "ಅವ್ರ್ ನಮ್ಮನ್ ಕೈ ಬಿಡ್ತಿಲ್ಲೆ ಮಾರಾಯಾ" ಎಂದರು. ಅಕ್ಕ ಅಷ್ಟು ಹೊತ್ತು ಮಾತಾಡದೆ ಕುಳಿತವರು, ಒಳಗೆ ಹೋಗಿ ಒಂದು ಪ್ಲಾಸ್ಟಿಕ್ ಚೀಲ ತಂದು ನನ್ನ ಮುಂದೆ ಇಟ್ಟರು. ಅದರಲ್ಲಿ ಹೋಟೆಲಿನ ಹಳೆಯ ಗುರುತಿನ ಚೀಟಿ, 2012ರ ಬೋನಸ್ ಪಡೆದ ರಸೀದಿ, ಕೈಗಡ ತೀರಿದ ದಿನ ಕೊಟ್ಟ ಚೀಟಿ ಎಲ್ಲವೂ ಇದ್ದವು. ಅಣ್ಣನಿಗೇ ಗೊತ್ತಿಲ್ಲದಂತೆ ಹದಿಮೂರು ವರ್ಷ ಕಾಪಾಡಿದ್ದರು. ನಾನು ಅರ್ಜಿ ಬರೆದೆ, ಅಣ್ಣ ಸಹಿ ಮಾಡಿದರು.

ಹೋಟೆಲಿಗೆ ಸಂಘದಿಂದ ಪತ್ರ ಹೋಗಿದೆ. ಧಣಿಗಳು ಫೋನಿನಲ್ಲಿ, "ಮಾರಿದ ಮೇಲೆ ಖುಷಿಯಿಂದ ಏನಾದರೂ ಕೊಡುತ್ತೇನೆ, ಸಂಘ ಯಾಕೆ?" ಎಂದು ಕೇಳಿದರು. ಖುಷಿಯದ್ದು ಬೇರೆ ಕೊಡಿ, ಲೆಕ್ಕದ್ದು ಮೊದಲು ಕೊಡಿ ಎಂದು ತಿಳಿಸಿದ್ದೇವೆ. ಉತ್ತರ ಬಾರದಿದ್ದರೆ ಗ್ರಾಚ್ಯುಯಿಟಿ ಅಧಿಕಾರಿಯ ಮುಂದೆ ಹೋಗುವುದು. ಅರ್ಜಿ ತಡವಾಯಿತೆಂಬ ಒಂದೇ ಕಾರಣಕ್ಕೆ ಹಕ್ಕು ಹೋಗುವುದಿಲ್ಲವೆಂದು 1972ರ ಕಾಯ್ದೆಯ ನಿಯಮಗಳಲ್ಲಿಯೇ ಇತ್ತು. ಅಣ್ಣ ಹೋಟೆಲು ಬಿಟ್ಟದ್ದು ಆ ಕಾಯ್ದೆ ಇದ್ದ ಕಾಲದಲ್ಲಿ.

ಬಂಗಲೆಯ ನೋಂದಣಿ ಬರುವ ತಿಂಗಳು. ಅಲ್ಲಿಯವರೆಗೆ ಮರಗಳಿಗೆ ನೀರು ಹಾಕುವವರು ಅಣ್ಣನೇ, ಪಗಾರ ಏಳನೆಯ ತಾರೀಕಿಗೆ ಬಂದಿದೆ. ಕರ್ಜ್ಜತ್, ಲೋಣಾವಳಾ, ಪನವೇಲಿನ ಕಡೆ ಹೀಗೆ ಹೋಟೆಲಿನಿಂದ ಬಂಗಲೆಗೆ ಹೋಗಿರುವ ನಮ್ಮವರು ಇನ್ನೂ ಹಲವರಿದ್ದಾರೆಂದು ಕೇಳಿದ್ದೇನೆ. ಅಂಥವರ ಪರಿಚಯ ಇದ್ದವರು ಸೋಮವಾರ ಸಂಜೆ ಸಂಘದ ಕಚೇರಿಗೆ ಬರಬೇಕು. ಹಳೆಯ ಗುರುತಿನ ಚೀಟಿ, ಪಿ.ಎಫ್. ನಂಬರು, ಪಗಾರ ಬಂದ ಫೋನಿನ ಸಂದೇಶ, ಬೋನಸ್ಸಿನ ರಸೀದಿ, ಏನಿದ್ದರೂ ತರಲಿ. ಏನೂ ಇಲ್ಲವೆನ್ನುವವರು ಒಮ್ಮೆ ಮನೆಯ ಹೆಂಗಸರನ್ನು ಕೇಳಿ ನೋಡಲಿ.